ಕ್ಯಾಂಪಸ್ ನೆಟ್‌ವರ್ಕ್: ಸಬ್‌ನೆಟ್ ಮಾಸ್ಕ್ ಹಾಕುವ ಮುಂಚೆ ರೂಟ್ ಟೇಬಲ್ ಬರೆದುಕೊಳ್ಳಿ

ನಾನು ಕೆಲಸಕ್ಕೆ ಸೇರಿದಾಗ ಆ ಕಾಲೇಜಿನ ಇಡೀ ಕ್ಯಾಂಪಸ್ ಒಂದೇ ಸಬ್‌ನೆಟ್ಟಿನಲ್ಲಿ, ಅಂದರೆ 192.168.1.0/24 ಅನ್ನುವ ಒಂದೇ ವಿಳಾಸದ ತುಂಡಿನಲ್ಲಿ ಇತ್ತು (/24 ಅಂದರೆ ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ಎಲ್ಲರಿಗೂ ಒಂದೇ). ಆಫೀಸು, ಲ್ಯಾಬು, ಲೈಬ್ರರಿ, ಹಾಸ್ಟೆಲ್ಲು, ಸಿಸಿಟಿವಿ, ಎಲ್ಲ ಅದರೊಳಗೇ. 254 ವಿಳಾಸ ಮುಗಿದಾಗ ಯಾರೋ ಪುಣ್ಯಾತ್ಮರು ಮಾಸ್ಕನ್ನು (ವಿಳಾಸದ ಎಷ್ಟು ಭಾಗ ಇಡೀ ಗುಂಪಿಗೆ ಒಂದೇ ಅಂತ ಹೇಳುವ ಸಂಖ್ಯೆಯನ್ನು) 255.255.0.0, ಅಂದರೆ /16 ಮಾಡಿ ಕೈ ತೊಳೆದುಕೊಂಡಿದ್ದರು. ಐಪಿ ಕೊರತೆ ನೀಗಿತು, ನಿಜ. ಆದರೆ ಒಂದು ಸೋಮವಾರ ಹಾಸ್ಟೆಲ್ ಹುಡುಗನೊಬ್ಬ ಮನೆಯಿಂದ ತಂದ ವೈ-ಫೈ ರೂಟರನ್ನು ಗೋಡೆಯ ಪೋರ್ಟಿಗೆ ಚುಚ್ಚಿದ, ಅದೂ ರೂಟರಿನ ಲ್ಯಾನ್ ಕಡೆಯಿಂದ. ಆ ಡಬ್ಬದ ವಿಳಾಸ 192.168.1.1. ನಮ್ಮ ಗೇಟ್‌ವೇ (ಹೊರಗೆ ಹೋಗುವ ಟ್ರಾಫಿಕ್ ದಾಟುವ ಬಾಗಿಲು) ವಿಳಾಸವೂ ಅದೇ. ಪ್ರಿನ್ಸಿಪಾಲರ ಕಂಪ್ಯೂಟರಿನಿಂದ ಹಿಡಿದು ಫೀಸ್ ಕೌಂಟರಿನ ತನಕ ಅರ್ಧ ಕ್ಯಾಂಪಸ್ಸಿನ ಟ್ರಾಫಿಕ್ ಆ ಹುಡುಗನ ರೂಮಿನ ಕದ ತಟ್ಟತೊಡಗಿತು. ಅದನ್ನು ಹುಡುಕಿ ಕೀಳಲು ನನಗೆ ಒಂದೂವರೆ ದಿನ ಹಿಡಿಯಿತು.

ಆಮೇಲೆ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಕಾಲೇಜಿನಲ್ಲೋ, ಆಸ್ಪತ್ರೆಯಲ್ಲೋ, ನಾಲ್ಕೈದು ಕಟ್ಟಡ ಇರುವ ಯಾವುದೋ ಜಾಗದಲ್ಲೋ ನೆಟ್‌ವರ್ಕ್ ನೋಡಿಕೊಳ್ಳುವವರಾದರೆ ಉಪಯೋಗಕ್ಕೆ ಬರುತ್ತದೆ.

ಮಾಸ್ಕ್ ಆರಿಸುವುದು ಅಂದರೆ ಎಷ್ಟು ಜನ ಇದ್ದಾರೆ ಅಂತ ಎಣಿಸಿ ಅಷ್ಟಕ್ಕೆ ಸಾಲುವ ಸಂಖ್ಯೆ ಹಾಕುವುದು ಅಂತ ಕಲಿಸಿರುತ್ತಾರೆ ಅಲ್ವಾ? ಅದು ಅರ್ಧ ಮಾತು. ಯಾವ ಕಟ್ಟಡಕ್ಕೆ ಯಾವ ತುಂಡು ಕೊಡುತ್ತೀರಿ ಅನ್ನುವುದರ ಮೇಲೆ ನಿಮ್ಮ ರೂಟ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ) ಆರು ಸಾಲು ಇರುತ್ತದೋ ಅರವತ್ತು ಸಾಲು ಇರುತ್ತದೋ ನಿರ್ಧಾರವಾಗುತ್ತದೆ. ಅದಕ್ಕೇ ಮೊದಲು ಎಲ್ಲ ಕಟ್ಟಡಗಳನ್ನೂ ಜೋಡಿಸುವ ನಡುವಿನ ಸ್ವಿಚ್ಚು, ಅಂದರೆ ಕೋರ್ ಸ್ವಿಚ್ಚಿನ ರೂಟ್ ಟೇಬಲ್ ಹೇಗೆ ಕಾಣಬೇಕು ಅಂತ ಒಂದು ಹಾಳೆಯ ಮೇಲೆ ಬರೆಯಿರಿ. ಮಾಸ್ಕ್ ಲೆಕ್ಕ ಆಮೇಲೆ.

ಪಿನ್ ಕೋಡ್ ನೆನಪು ಮಾಡಿಕೊಳ್ಳಿ. 570ರಿಂದ ಶುರುವಾದರೆ ಮೈಸೂರು, 580 ಆದರೆ ಹುಬ್ಬಳ್ಳಿ-ಧಾರವಾಡದ ಕಡೆ. ದೂರದ ಊರಲ್ಲಿ ಟಪಾಲು ವಿಂಗಡಿಸುವವರಿಗೆ ಮೊದಲ ಅಂಕಿಗಳು ಸಾಕು, ಕೊನೆಯ ಮೂರಂಕಿಯ ಗೊಡವೆ ಆ ಊರಿಗೆ ತಲುಪಿದ ಮೇಲೆ. ಮೈಸೂರಿನ ಒಂದು ಬಡಾವಣೆಗೆ 570, ಪಕ್ಕದ ಬಡಾವಣೆಗೆ 583 ಅಂತ ಮನಸ್ಸಿಗೆ ಬಂದ ಹಾಗೆ ಕೊಟ್ಟಿದ್ದರೆ ಪ್ರತಿ ಊರಿನ ವಿಂಗಡಣೆ ಮೇಜಿನಲ್ಲೂ ಒಂದೊಂದು ದಪ್ಪ ಪುಸ್ತಕ ಬೇಕಾಗುತ್ತಿತ್ತು. ಐಪಿ ವಿಳಾಸವೂ ಹಾಗೇ. ಮೊದಲ ಭಾಗದಲ್ಲಿ ಕಟ್ಟಡ, ನಂತರದ ಭಾಗದಲ್ಲಿ ಯಾವ ಗುಂಪು, ಕೊನೆಗೆ ಯಾವ ಯಂತ್ರ.

ಯಾವ ವಿಳಾಸ ಹಿಡಿಯಬೇಕು

ಖಾಸಗಿ ಬಳಕೆಗೆ ಅಂತ 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ದಾಖಲೆ ಮೂರು ತುಂಡು ಎತ್ತಿಟ್ಟಿದೆ: 10.0.0.0/8, 172.16.0.0/12, 192.168.0.0/16. ಕ್ಯಾಂಪಸ್‌ಗೆ ನಾನು ಕಣ್ಣು ಮುಚ್ಚಿ 10 ಹಿಡಿಯುತ್ತೇನೆ. 192.168.0 ಮತ್ತು 192.168.1 ಬಹಳಷ್ಟು ಮನೆಗಳ ರೂಟರಿನಲ್ಲಿ ಕೂತಿರುತ್ತವೆ. ಮೇಷ್ಟ್ರು ಮನೆಯಿಂದ ವಿಪಿಎನ್ ಹಾಕಿಕೊಂಡು ಕಾಲೇಜಿನ 192.168.1.20 ಸರ್ವರ್ ತೆರೆಯಲು ಹೋದರೆ ಅವರ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತಾ ಕೂರುತ್ತದೆ. 172.17.0.0/16 ಡಾಕರ್ (ಒಂದೇ ಸರ್ವರಿನಲ್ಲಿ ಹಲವು ತಂತ್ರಾಂಶಗಳನ್ನು ಬೇರೆ ಬೇರೆಯಾಗಿ ಓಡಿಸುವ ಸಾಧನ) ತಾನಾಗಿ ಹಿಡಿದುಕೊಳ್ಳುವ ಜಾಗ. ಆ ವಿಳಾಸವನ್ನು ಯಾವುದಾದರೂ ವಿಭಾಗಕ್ಕೆ ಕೊಟ್ಟಿರಿ ಅನ್ನಿ, ಡಾಕರ್ ಹಾಕಿದ ಸರ್ವರ್ ಆ ಒಂದು ವಿಭಾಗಕ್ಕೆ ಮಾತ್ರ ತೆರೆಯುವುದಿಲ್ಲ, ಉಳಿದವರಿಗೆಲ್ಲ ತೆರೆಯುತ್ತದೆ. ತಲೆ ಕೆಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕಾ?

10ರಲ್ಲೂ 10.0 ಮತ್ತು 10.1 ಬಿಟ್ಟುಬಿಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡಿರುತ್ತಾರೆ, ನಾಳೆ ಅದೇ ಟ್ರಸ್ಟಿನ ಇನ್ನೊಂದು ಕಾಲೇಜಿಗೆ ಲೈನ್ ಎಳೆದರೆ ಎರಡೂ ಡಿಕ್ಕಿ. ಇಲ್ಲಿ ಉದಾಹರಣೆಗೆ 10.20.0.0/16 ಹಿಡಿಯೋಣ. ಅದರಲ್ಲಿ 16 ತುಂಡು ಬರುವ ಹಾಗೆ /20 ಮಾಡಿ ಒಂದೊಂದು ಕಟ್ಟಡಕ್ಕೆ ಒಂದೊಂದು ಕೊಡುವುದು:

10.20.0.0/20: ಸರ್ವರ್ ರೂಮು, ಸ್ವಿಚ್‌ಗಳ ನಡುವಿನ ಲಿಂಕುಗಳು
10.20.16.0/20: ಕಂಪ್ಯೂಟರ್ ಸೈನ್ಸ್ ಬ್ಲಾಕು
10.20.32.0/20: ಮೆಕ್ಯಾನಿಕಲ್, ಸಿವಿಲ್
10.20.48.0/20: ಆಡಳಿತ ಕಚೇರಿ, ಲೈಬ್ರರಿ
10.20.64.0/20: ಹುಡುಗರ ಹಾಸ್ಟೆಲ್
10.20.80.0/20: ಹುಡುಗಿಯರ ಹಾಸ್ಟೆಲ್

96ರಿಂದ ಮುಂದೆ ಖಾಲಿ. ಹೊಸ ಬ್ಲಾಕಿಗೆ ಪಾಯ ತೋಡಿದ ದಿನ ಅದಕ್ಕೆ 96 ಕೊಡಿ. ಒಂದು ಕಟ್ಟಡಕ್ಕೆ 4,096 ವಿಳಾಸ ಜಾಸ್ತಿಯಾಯಿತು ಅಂತ ನಮ್ಮಲ್ಲೂ ಒಬ್ಬರು ಗೊಣಗಿದರು. ಖಾಸಗಿ ವಿಳಾಸಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲ, ಸುಮ್ನೆ ಜಿಪುಣತನ ಮಾಡಬೇಡಿ.

ಪ್ರತಿ ಕಟ್ಟಡದ ಒಳಗೂ ಒಂದೇ ಪದ್ಧತಿ ಇಟ್ಟುಕೊಳ್ಳಿ. ನಾವು ಪ್ರತಿ ತುಂಡಿನ ಕೊನೆಯ /24 ಅನ್ನು ಸ್ವಿಚ್ ನಿರ್ವಹಣೆಗೆ, ಅದರ ಹಿಂದಿನದನ್ನು ಸಿಸಿಟಿವಿಗೆ ಇಟ್ಟೆವು. ಅಂದರೆ ಕಂಪ್ಯೂಟರ್ ಸೈನ್ಸ್‌ನಲ್ಲಿ 10.20.31 ಸ್ವಿಚ್, 10.20.30 ಕ್ಯಾಮೆರಾ, ಆಡಳಿತದಲ್ಲಿ 63 ಸ್ವಿಚ್, 62 ಕ್ಯಾಮೆರಾ. ಲಾಗ್‌ನಲ್ಲಿ ಒಂದು ವಿಳಾಸ ನೋಡಿದ ಕೂಡಲೇ ಯಾವ ಕಟ್ಟಡದ ಯಾವ ಜಾತಿ ಯಂತ್ರ ಅಂತ ಬಾಯಿಗೆ ಬರಬೇಕು.

ಈಗ ಮಾಸ್ಕ್

ಪಠ್ಯದಲ್ಲಿ ಇನ್ನೂ ವಿಳಾಸಗಳನ್ನು ಗೊತ್ತಾದ ಅಳತೆಗೆ ಕತ್ತರಿಸುವ ಕ್ಲಾಸ್ ಎ, ಬಿ, ಸಿ ಇದೆ. ಕೆಲಸದಲ್ಲಿ ಅದನ್ನು ಮರೆತುಬಿಡಿ, 1993ರಲ್ಲಿ ಸಿಐಡಿಆರ್ (ಬೇಕಾದ ಉದ್ದದ ಮಾಸ್ಕ್ ಹಾಕಬಹುದಾದ ಪದ್ಧತಿ) ಬಂದಾಗಲೇ ಅದರ ಕಾಲ ಮುಗಿಯಿತು. ನೆನಪಿಡಬೇಕಾದ್ದು ಇಷ್ಟೇ: /24 ಅಂದರೆ 254 ಯಂತ್ರ, /23 ಅಂದರೆ 510, /22 ಅಂದರೆ 1,022. ಕೆಳಗೆ ಹೋದರೆ /25ಕ್ಕೆ 126, /26ಕ್ಕೆ 62, /27ಕ್ಕೆ 30.

60 ಕಂಪ್ಯೂಟರಿನ ಲ್ಯಾಬಿಗೆ /26 ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆ. ಲೆಕ್ಕ ಹಾಕಿ: 60 ಕಂಪ್ಯೂಟರ್, ಒಂದು ಗೇಟ್‌ವೇ, ಒಂದು ಪ್ರಿಂಟರ್. 62 ಮುಗಿಯಿತು. ಮುಂದಿನ ತಿಂಗಳು ಯಾರೋ ನೆಟ್‌ವರ್ಕ್ ಪ್ರೊಜೆಕ್ಟರ್ ತಂದು ಗೋಡೆಗೆ ಹಾಕಿ ನಿಮಗೆ ಫೋನ್ ಮಾಡುತ್ತಾರೆ. ಲ್ಯಾಬಿಗೆ /24 ಕೊಡಿ, ಮುಗೀತು. ತಂತಿ ಹಾಕಿದ ಎಲ್ಲ ಗುಂಪಿಗೂ ನನ್ನ ರೂಢಿ /24. ಮೂರನೆಯ ಅಂಕಿ ಬದಲಾದರೆ ಸಬ್‌ನೆಟ್ ಬದಲಾಯಿತು ಅಂತ ಕಣ್ಣಿಗೆ ಕಾಣುತ್ತದೆ, ರಾತ್ರಿ ಹನ್ನೊಂದಕ್ಕೆ ಎದ್ದು ನೋಡುವಾಗ ಅದು ದೊಡ್ಡ ಉಪಕಾರ.

ವೈ-ಫೈ ಮಾತು ಬೇರೆ. ಅಲ್ಲಿ ತಲೆ ಎಣಿಸಬೇಡಿ, ಯಂತ್ರ ಎಣಿಸಿ. ಹಾಸ್ಟೆಲಿನ ಒಂದು ಮಹಡಿಯಲ್ಲಿ 200 ಹುಡುಗರಿದ್ದರೆ ಫೋನು, ಲ್ಯಾಪ್‌ಟಾಪು ಸೇರಿ 400 ಅಂತೂ ಆಗೇ ಆಗುತ್ತದೆ, ಕೆಲವರ ಬಳಿ ಟ್ಯಾಬೂ ಇರುತ್ತದೆ. /23ರಲ್ಲಿ 510 ಇದೆ, ಆದರೆ ಉಸಿರಾಡಲು ಜಾಗ ಇರುವುದಿಲ್ಲ. ಹಾಗಾಗಿ ಮಹಡಿಗೆ ಒಂದು /22: 10.20.64.0, 10.20.68.0, 10.20.72.0. ಅದಕ್ಕಿಂತ ದೊಡ್ಡದಕ್ಕೆ ಹೋಗಬೇಡಿ. ಸಬ್‌ನೆಟ್ ದೊಡ್ಡದಾದಷ್ಟೂ ಒಂದು ಯಂತ್ರದ ಬ್ರಾಡ್‌ಕಾಸ್ಟ್ ಕೂಗು ಅಷ್ಟೂ ಜನರಿಗೆ ಕೇಳಬೇಕು, ವೈ-ಫೈನಲ್ಲಿ ಆ ಕೂಗು ಹೋಗುವುದು ಅತ್ಯಂತ ನಿಧಾನದ ವೇಗದಲ್ಲಿ, ಅದು ಮುಗಿಯುವ ತನಕ ಆ ಆಕ್ಸೆಸ್ ಪಾಯಿಂಟಿನ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಕಾಯಬೇಕು. ಜನ ಜಾಸ್ತಿಯಾದರೆ ಇನ್ನೊಂದು ವಿಲ್ಯಾನ್ (ಅದೇ ಸ್ವಿಚ್ಚಿನಲ್ಲಿ ಬೇರೆಯಾಗಿ ನಡೆಯುವ ಇನ್ನೊಂದು ನೆಟ್‌ವರ್ಕ್) ಮಾಡಿ, ಮಾಸ್ಕ್ ಹಿಗ್ಗಿಸಬೇಡಿ. ಮೊದಲೇ ಹೇಳಿದೆನಲ್ಲ, 255.255.0.0 ಮಾಡಿದ ಪುಣ್ಯಾತ್ಮರ ಕಥೆ.

ಎಷ್ಟೋ ಸಲ ವಿಳಾಸ ಮುಗಿಯುವುದಕ್ಕೆ ಮಾಸ್ಕ್ ಕಾರಣವೇ ಅಲ್ಲ. ವಿಂಡೋಸ್ ಸರ್ವರಿನ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಸೇವೆ) ಒಂದು ವಿಳಾಸವನ್ನು 8 ದಿನಕ್ಕೆ ಬರೆದುಕೊಡುತ್ತದೆ, ನೀವು ಬದಲಾಯಿಸದಿದ್ದರೆ. ನಮ್ಮಲ್ಲಿ ರಿಸಲ್ಟ್ ಬಂದ ದಿನ ಹಳೆಯ ವಿದ್ಯಾರ್ಥಿಗಳೂ ಅಪ್ಪ-ಅಮ್ಮಂದಿರೂ ಬಂದು ಲೈಬ್ರರಿ ಮುಂದೆ ನಿಂತು ಒಂದು ಸಲ ವೈ-ಫೈ ಹಿಡಿದು ಹೋದರು. ಮಾರನೇ ದಿನ ಕ್ಲಾಸಿಗೆ ಬಂದವರ ಲ್ಯಾಪ್‌ಟಾಪಲ್ಲಿ 169.254 ಅಂತ ಶುರುವಾಗುವ ವಿಳಾಸ. ಅಂದರೆ ಡಿಎಚ್‌ಸಿಪಿ ಏನೂ ಕೊಟ್ಟಿಲ್ಲ, ಯಂತ್ರ ತಾನೇ ಒಂದು ಸಂಖ್ಯೆ ಹಾಕಿಕೊಂಡು ಕೂತಿದೆ ಅಂತ ಅರ್ಥ. ಕ್ಲಾಸ್ ಬ್ಲಾಕಿನ ವೈ-ಫೈಗೆ ಅವಧಿಯನ್ನು 2 ಗಂಟೆ ಮಾಡಿದೆವು, ಹಾಸ್ಟೆಲಿಗೆ 12 ಗಂಟೆ. ಆಮೇಲೆ ಆ ದೂರು ಬರಲಿಲ್ಲ.

ಸಮ ಸಂಖ್ಯೆಯಿಂದ ಶುರು ಮಾಡಿ

ಇದೊಂದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಇಲ್ಲಿ ಎಡವುವವರು ತುಂಬಾ. /23 ಯಾವಾಗಲೂ ಸಮ ಸಂಖ್ಯೆಯಲ್ಲಿ ಶುರುವಾಗಬೇಕು, /22 ಆದರೆ 4ರ ಮಗ್ಗಿಯಲ್ಲಿ, /20 ಆದರೆ 16ರ ಮಗ್ಗಿಯಲ್ಲಿ. 10.20.48.0/23 ಸರಿ, 10.20.49.0/23 ಅನ್ನುವುದು ಇಲ್ಲವೇ ಇಲ್ಲ. ಯಾಕೆ ಅಂದರೆ ಯಂತ್ರ ವಿಳಾಸವನ್ನೂ ಮಾಸ್ಕನ್ನೂ ಬಿಟ್ ಬಿಟ್ಟಾಗಿ ಒಂದರ ಕೆಳಗೆ ಒಂದು ಇಟ್ಟು, ಎರಡರಲ್ಲೂ 1 ಇದ್ದ ಕಡೆ ಮಾತ್ರ 1 ಉಳಿಸಿಕೊಳ್ಳುತ್ತದೆ. 10.20.49.30 ತಗೊಳ್ಳಿ, ಮಾಸ್ಕ್ 255.255.254.0. ಮೂರನೆಯ ಅಂಕಿ ಮಾತ್ರ ನೋಡಿದರೆ:

49 = 00110001
254 = 11111110
ಉಳಿದದ್ದು 00110000, ಅಂದರೆ 48

ಹಾಗಾಗಿ 49ರಲ್ಲಿ ಇರುವ ಯಂತ್ರವೂ 10.20.48.0 ಅನ್ನುವ ಮನೆಗೇ ಸೇರಿತು. ಅದರ ಬ್ರಾಡ್‌ಕಾಸ್ಟ್ ವಿಳಾಸ, ಅಂದರೆ ಎಲ್ಲರನ್ನೂ ಕೂಗುವ ವಿಳಾಸ, 10.20.49.255. ನಡುವಿನ 10.20.48.255 ಮತ್ತು 10.20.49.0 ನೋಡಲು ವಿಚಿತ್ರವಾಗಿದ್ದರೂ ಮಾಮೂಲಿ ವಿಳಾಸಗಳೇ.

ಇದನ್ನು ಮುಂಚೆಯೇ ಯೋಚಿಸಿದರೆ ಲಾಭ ಇದೆ. ಕಚೇರಿ ಸಿಬ್ಬಂದಿಗೆ 48 ಕೊಟ್ಟು 49 ಖಾಲಿ ಬಿಟ್ಟಿದ್ದೆವು. ಜನ ಹೆಚ್ಚಾದಾಗ ಮಾಸ್ಕನ್ನು /24ರಿಂದ /23ಕ್ಕೆ ಬದಲಾಯಿಸಿದರೆ ಆಯಿತು, ಯಾರ ವಿಳಾಸವೂ ಬದಲಾಗಲಿಲ್ಲ. 49 ಕೊಟ್ಟು 50 ಖಾಲಿ ಬಿಟ್ಟಿದ್ದರೆ ಎಲ್ಲವನ್ನೂ ಎಬ್ಬಿಸಬೇಕಿತ್ತು.

ಆದರೂ ಒಂದು ಉಳಿದುಹೋಯಿತು. /23 ಮಾಡಿದ ವಾರದಲ್ಲಿ ಅಕೌಂಟ್ಸ್ ಸೆಕ್ಷನ್ನಿಂದ ದೂರು: ಪ್ರಿಂಟರ್ ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ, ನಿನ್ನೆ ಬಂದವರಿಗೆ ಇವತ್ತು ಇಲ್ಲ. ಟೋನರ್ ಬದಲಾಯಿಸಿದರು, ಡ್ರೈವರ್ ಹಾಕಿದರು, ಕೇಬಲ್ ಬದಲಾಯಿಸಿದರು. ಕೊನೆಗೆ ಪ್ರಿಂಟರಿನ ಪುಟ್ಟ ಪರದೆಯಲ್ಲಿ ಬಾಣದ ಗುಂಡಿ ಒತ್ತುತ್ತಾ ಒತ್ತುತ್ತಾ ನೋಡಿದರೆ ವಿಳಾಸ 10.20.48.50, ಮಾಸ್ಕ್ ಇನ್ನೂ 255.255.255.0, ಗೇಟ್‌ವೇ ಜಾಗದಲ್ಲಿ 0.0.0.0. 48ರಲ್ಲಿ ವಿಳಾಸ ಸಿಕ್ಕವರು ಅದಕ್ಕೆ ಪಕ್ಕದ ಮನೆಯವರು. 49ರಲ್ಲಿ ಸಿಕ್ಕವರ ಪ್ಯಾಕೆಟ್ ಪ್ರಿಂಟರಿಗೆ ತಲುಪುತ್ತಿತ್ತು, ಆದರೆ ಪ್ರಿಂಟರ್ ಅವರನ್ನು ಬೇರೆ ಊರಿನವರು ಅಂದುಕೊಂಡು ಗೇಟ್‌ವೇ ಹುಡುಕುತ್ತಿತ್ತು, ಗೇಟ್‌ವೇ ಹಾಕೇ ಇರಲಿಲ್ಲ. ಗೇಟ್‌ವೇ ಸರಿಯಾಗಿ ಇದ್ದಿದ್ದರೆ ಉತ್ತರ ಸುತ್ತು ಹಾಕಿಕೊಂಡಾದರೂ ತಲುಪುತ್ತಿತ್ತು, ತಪ್ಪು ವರ್ಷಗಟ್ಟಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ" ಅನ್ನುವ ದೂರು ಬಂದರೆ ಮೊದಲು ಎರಡೂ ಕಡೆಯ ಮಾಸ್ಕ್ ನೋಡಿ.

ರೂಟಿಂಗ್: ಎಷ್ಟು ಕಮ್ಮಿ ಬರೆಯುತ್ತೀರೋ ಅಷ್ಟು ಒಳ್ಳೆಯದು

ಕ್ಯಾಂಪಸ್ ಚಿಕ್ಕದಾಗಿದ್ದು ಎಲ್ಲ ವಿಲ್ಯಾನ್‌ಗಳ ಗೇಟ್‌ವೇ ಒಂದೇ ಲೇಯರ್ 3 (ರೂಟರಿನ ಕೆಲಸವನ್ನೂ ಮಾಡುವ) ಕೋರ್ ಸ್ವಿಚ್ಚಿನಲ್ಲಿದ್ದರೆ ನಿಮಗೆ ರೂಟಿಂಗ್ ಪ್ರೋಟೋಕಾಲ್ (ಸ್ವಿಚ್ಚುಗಳು ದಾರಿಗಳನ್ನು ತಾವೇ ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ) ಬೇಕಾಗಿಯೇ ಇಲ್ಲ. ಸ್ವಿಚ್ಚಿಗೆ ತನಗೆ ನೇರವಾಗಿ ಅಂಟಿದ ಸಬ್‌ನೆಟ್‌ಗಳು ತಾನಾಗಿ ಗೊತ್ತು. ಬರೆಯಬೇಕಾದ್ದು ಎರಡೇ ಸಾಲು. ಕೋರ್‌ನಲ್ಲಿ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಹೋಗುವ ದಾರಿ): 0.0.0.0/0 ಫೈರ್‌ವಾಲ್ ಕಡೆಗೆ. ಫೈರ್‌ವಾಲ್‌ನಲ್ಲಿ ವಾಪಸ್ ದಾರಿ: 10.20.0.0/16 ಕೋರ್ ಕಡೆಗೆ.

ಆ ಎರಡನೆಯ ಸಾಲನ್ನು ಮರೆಯುವವರು, ಇಲ್ಲವೇ ಒಂದೊಂದೇ /24 ಬರೆದು ಹೊಸದನ್ನು ಸೇರಿಸಲು ಮರೆಯುವವರು ಲೆಕ್ಕವಿಲ್ಲದಷ್ಟು. ಲಕ್ಷಣ ಯಾವಾಗಲೂ ಒಂದೇ: ಹೊಸ ವಿಲ್ಯಾನ್‌ನಿಂದ ಗೇಟ್‌ವೇಗೆ ಪಿಂಗ್ ಬರುತ್ತದೆ, ಪಕ್ಕದ ಲ್ಯಾಬಿಗೂ ಬರುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಪ್ಯಾಕೆಟ್ ಹೊರಗೆ ಹೋಗಿದೆ, ಮನೆಗೆ ಬರುವ ದಾರಿ ಗೊತ್ತಿಲ್ಲ. /16 ಒಂದೇ ಸಾಲಿನಲ್ಲಿ ಬರೆದಿದ್ದರೆ ಈ ಗೋಳೇ ಇಲ್ಲ, ನಾಳೆ 96ರಲ್ಲಿ ಹೊಸ ಬ್ಲಾಕ್ ಬಂದರೂ ಫೈರ್‌ವಾಲ್ ಮುಟ್ಟಬೇಕಾಗಿಲ್ಲ.

ಆದರೆ ಈ ದೊಡ್ಡ ಸಾಲಿಗೆ ಒಂದು ಬಾಲ ಇದೆ. 10.20.200.5 ಅನ್ನುವ ವಿಳಾಸ ನಿಮ್ಮಲ್ಲಿ ಎಲ್ಲೂ ಇಲ್ಲ ಅಂದುಕೊಳ್ಳಿ. ಯಾರೋ ಅದಕ್ಕೆ ಪ್ಯಾಕೆಟ್ ಕಳಿಸಿದರು. ಕೋರ್‌ಗೆ ಗೊತ್ತಿಲ್ಲ, ಡಿಫಾಲ್ಟ್ ರೂಟ್ ಹಿಡಿದು ಫೈರ್‌ವಾಲಿಗೆ ಕಳಿಸಿತು. ಫೈರ್‌ವಾಲ್ ನೋಡಿತು, 10.20 ಅಂದರೆ ಕೋರ್ ಅಲ್ವಾ, ವಾಪಸ್ ಕಳಿಸಿತು. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಆಜ್ಞೆ) ಹಾಕಿದರೆ 10.20.0.1, 10.20.0.2, 10.20.0.1, 10.20.0.2 ಅಂತ ಪರದೆ ತುಂಬುತ್ತದೆ. ವಿಂಡೋಸ್ ಪ್ಯಾಕೆಟ್ಟಿನ ಟಿಟಿಎಲ್ (ಎಷ್ಟು ರೂಟರ್ ದಾಟಬಹುದು ಅನ್ನುವ ಮಿತಿ) 128, ಅಷ್ಟು ಮುಗಿಯುವ ತನಕ ಒಂದೇ ಪ್ಯಾಕೆಟ್ ಆ ಕೇಬಲ್ಲಿನಲ್ಲಿ ಉಯ್ಯಾಲೆ ಆಡುತ್ತದೆ. ವೈರಸ್ ಹಿಡಿದ ಒಂದು ಲ್ಯಾಬ್ ಕಂಪ್ಯೂಟರ್ 10.20ರ ಎಲ್ಲ ವಿಳಾಸಗಳನ್ನೂ ಹುಡುಕಲು ಶುರು ಮಾಡಿದರೆ ಫೈರ್‌ವಾಲ್ ಲಿಂಕು ತುಂಬಿಹೋಗುತ್ತದೆ. ಮದ್ದು ಸರಳ: ಕೋರ್‌ನಲ್ಲಿ 10.20.0.0/16ಕ್ಕೆ ಒಂದು ನಲ್ ರೂಟ್ ಹಾಕಿ. ರೂಟರ್ ಯಾವಾಗಲೂ ಹೆಚ್ಚು ಬಿಟ್ ಹೊಂದುವ ಸಾಲನ್ನೇ ಆರಿಸುತ್ತದೆ, ಹಾಗಾಗಿ ನಿಜವಾಗಿ ಇರುವ /24, /22ಗಳಿಗೆ ಏನೂ ಆಗುವುದಿಲ್ಲ. ಇಲ್ಲದ್ದು ಮಾತ್ರ ಕಸದ ಬುಟ್ಟಿಗೆ.

ಪ್ರತಿ ಕಟ್ಟಡಕ್ಕೂ ತನ್ನದೇ ಲೇಯರ್ 3 ಸ್ವಿಚ್ ಇದ್ದರೆ ಮೇಲಿನ ಹಂಚಿಕೆ ಫಲ ಕೊಡುವುದು ಆಗ. ಕೋರ್‌ನಲ್ಲಿ ಕಟ್ಟಡಕ್ಕೊಂದು ಸಾಲು: 10.20.16.0/20 ಈ ಕಡೆ, 10.20.32.0/20 ಆ ಕಡೆ. ಕಟ್ಟಡದ ಸ್ವಿಚ್ಚಿನಲ್ಲಿ ಕೋರ್ ಕಡೆಗೆ ಒಂದು ಡಿಫಾಲ್ಟ್, ಜೊತೆಗೆ ತನ್ನ /20ಕ್ಕೆ ಒಂದು ನಲ್ ರೂಟ್, ಉಯ್ಯಾಲೆ ಇಲ್ಲೂ ಆಗುತ್ತದೆ. ನಡುವಿನ ಲಿಂಕುಗಳಿಗೆ 10.20.0.0/24ರಿಂದ /30 ಕತ್ತರಿಸಿಕೊಳ್ಳಿ, ಒಂದೊಂದರಲ್ಲಿ ಎರಡೇ ವಿಳಾಸ. ಸ್ವಿಚ್ ಒಪ್ಪಿದರೆ /31 ಕೂಡ ನಡೆಯುತ್ತದೆ.

ಓಎಸ್‌ಪಿಎಫ್ ಅನ್ನುವ ರೂಟಿಂಗ್ ಪ್ರೋಟೋಕಾಲ್ ಯಾವಾಗ ಬೇಕು? ಒಂದು ಕಟ್ಟಡಕ್ಕೆ ಎರಡು ದಾರಿ ಇದ್ದಾಗ. ಫೈಬರನ್ನು ಉಂಗುರದ ಹಾಗೆ ಎಳೆದಿದ್ದರೆ ಸ್ಟ್ಯಾಟಿಕ್ ರೂಟ್ (ಕೈಯಲ್ಲಿ ಬರೆದ ದಾರಿ) ನಂಬಬೇಡಿ. ಎರಡನೆಯ ದಾರಿಗೆ ಇನ್ನೊಂದು ಸ್ಟ್ಯಾಟಿಕ್ ಹಾಕಿ ಅದರ ಆದ್ಯತೆ ಇಳಿಸಿದರೆ ಸಾಕು ಅನ್ನುವವರಿದ್ದಾರೆ, ಕಾಗದದ ಮೇಲೆ ಅದು ಚೆಂದ. ನಮ್ಮಲ್ಲಿ ಸ್ವಿಚ್ಚಿಗೂ ಫೈಬರಿಗೂ ನಡುವೆ ಅಗ್ಗದ ಮೀಡಿಯಾ ಕನ್ವರ್ಟರ್ (ಮಾಮೂಲಿ ಕೇಬಲ್ಲನ್ನು ಫೈಬರಿಗೆ ಜೋಡಿಸುವ ಡಬ್ಬ) ಇತ್ತು. ಜೆಸಿಬಿಯವನು ಫೈಬರ್ ಕಿತ್ತ, ಆದರೆ ಕನ್ವರ್ಟರಿಂದ ಸ್ವಿಚ್ಚಿಗೆ ಇರುವ ಗಿಡ್ಡ ಕೇಬಲ್ಲಿನ ದೀಪ ಹಸಿರಾಗೇ ಇತ್ತು. ಸ್ವಿಚ್ಚಿಗೆ ಲಿಂಕ್ ಬಿದ್ದದ್ದೇ ಗೊತ್ತಿಲ್ಲ, ಮೊದಲ ಸ್ಟ್ಯಾಟಿಕ್ ರೂಟ್ ಕದಲಲಿಲ್ಲ, ಎರಡನೆಯ ಫೈಬರ್ ಸುಮ್ನೆ ಬಿದ್ದಿತ್ತು. ಓಎಸ್‌ಪಿಎಫ್ ಆಗಿದ್ದರೆ ಆ ಬದಿಯ ಸ್ವಿಚ್ಚಿಗೆ 10 ಸೆಕೆಂಡಿಗೊಮ್ಮೆ ಹಲೋ ಅನ್ನುತ್ತಿರುತ್ತದೆ, 40 ಸೆಕೆಂಡು ಉತ್ತರ ಬರದಿದ್ದರೆ ಬೇರೆ ದಾರಿ ಹಿಡಿಯುತ್ತದೆ.

ಓಎಸ್‌ಪಿಎಫ್ ಹಾಕುವುದಾದರೆ ಎಲ್ಲವನ್ನೂ ಏರಿಯಾ 0ರಲ್ಲಿ, ಅಂದರೆ ಅದರ ಮುಖ್ಯ ಗುಂಪಿನಲ್ಲಿ ಇಡಿ. ಒಂದೇ ಏರಿಯಾದ ಒಳಗೆ /20ಗಳಾಗಿ ಒಗ್ಗೂಡಿಸಲು ಆಗುವುದಿಲ್ಲ, ಎಲ್ಲ /24ಗಳೂ ಎಲ್ಲರಿಗೂ ಕಾಣುತ್ತವೆ. ಐವತ್ತು-ಅರವತ್ತು ಸಾಲನ್ನು ಸ್ವಿಚ್ಚೇ ಬರೆದುಕೊಳ್ಳುವಾಗ ನಿಮಗೇನೂ ಕಷ್ಟವಿಲ್ಲ. ನೀವು ಕೈಯಲ್ಲಿ ಬರೆಯುವ ಕಡೆ, ಅಂದರೆ ಫೈರ್‌ವಾಲಿನ ನಿಯಮಗಳಲ್ಲಿ "ಹಾಸ್ಟೆಲಿನಿಂದ ಸರ್ವರ್ ರೂಮಿಗೆ ಬೇಡ" ಅನ್ನಲು 64/20, 80/20 ಎರಡೇ ಸಾಲು ಸಾಕು, ಹಂಚಿಕೆಯ ಲಾಭ ಅಲ್ಲಿದೆ. ಬಳಕೆದಾರರ ವಿಲ್ಯಾನ್‌ಗಳಲ್ಲಿ ಪ್ಯಾಸಿವ್ ಇಂಟರ್‌ಫೇಸ್ (ಆ ಕಡೆ ಓಎಸ್‌ಪಿಎಫ್ ಹಲೋ ಅನ್ನದ ಹಾಗೆ) ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಯಾವನೋ ಉತ್ಸಾಹಿ ತನ್ನ ಲ್ಯಾಪ್‌ಟಾಪನ್ನೇ ರೂಟರ್ ಮಾಡಿ ನಿಮ್ಮ ಟೇಬಲ್ಲಿಗೆ ಸಾಲು ಸೇರಿಸುತ್ತಾನೆ. ಎರಡು ಸ್ವಿಚ್ಚುಗಳು ಓಎಸ್‌ಪಿಎಫ್ ನೆರೆಯವರಾಗಲು ಒಪ್ಪುತ್ತಿಲ್ಲ ಅಂದರೆ ಎರಡೂ ತುದಿಯ ಮಾಸ್ಕ್ ನೋಡಿ. ಒಂದು ಕಡೆ /30, ಇನ್ನೊಂದು ಕಡೆ /29 ಇದ್ದರೆ ಪಿಂಗ್ ಬರುತ್ತದೆ, ಓಎಸ್‌ಪಿಎಫ್ ಬರುವುದಿಲ್ಲ. ಹಲೋ ಜೊತೆಗೆ ಮಾಸ್ಕೂ ಹೋಗುತ್ತದೆ. ಮಾಸ್ಕ್ ಸರಿ ಇದ್ದು ಎಕ್ಸ್‌ಸ್ಟಾರ್ಟ್ ಅನ್ನುವ ಹಂತದಲ್ಲೇ ನಿಂತಿದ್ದರೆ ಎರಡೂ ಕಡೆಯ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ನೋಡಿ.

ಎರಡು ಇಂಟರ್ನೆಟ್ ಲೈನ್ ಇದ್ದರೆ ಅವನ್ನು ಫೈರ್‌ವಾಲಿಗೇ ಬಿಡಿ, ಕೋರ್‌ನಲ್ಲಿ ಎರಡು ಡಿಫಾಲ್ಟ್ ರೂಟ್ ಹಾಕಲು ಹೋಗಬೇಡಿ. ಐಪಿಯ ಹೊಸ ಆವೃತ್ತಿ ಐಪಿವಿ6ನಲ್ಲಿ ಪ್ರತಿ ವಿಲ್ಯಾನಿಗೂ /64, ಅಲ್ಲಿ ಮಾಸ್ಕಿನ ಚಿಂತೆಯೇ ಇಲ್ಲ.

ಬದಲಾಯಿಸುವ ದಿನ

ರಜೆಯಲ್ಲೇ ಮಾಡಿ. ಡಿಎಚ್‌ಸಿಪಿಯವು ತಾವಾಗಿ ಬರುತ್ತವೆ (ಗೇಟ್‌ವೇ ಸ್ವಿಚ್ಚಿನಲ್ಲಿ ಪ್ರತಿ ವಿಲ್ಯಾನಿಗೂ ವಿಳಾಸದ ಕೋರಿಕೆಯನ್ನು ಸರ್ವರಿಗೆ ದಾಟಿಸುವ ಡಿಎಚ್‌ಸಿಪಿ ರಿಲೇ ಹಾಕಿರಬೇಕು, ಬ್ರಾಡ್‌ಕಾಸ್ಟ್ ಈಗ ಸಬ್‌ನೆಟ್ ದಾಟುವುದಿಲ್ಲ). ಹಾಸ್ಟೆಲ್ ಪೋರ್ಟುಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಕೂಡ ಆವತ್ತೇ ಆನ್ ಮಾಡಿ, ಯಾರೋ ಚುಚ್ಚಿದ ರೂಟರ್ ವಿಳಾಸ ಹಂಚುವುದು ನಿಲ್ಲುತ್ತದೆ. ತಲೆನೋವು ಕೈಯಲ್ಲಿ ವಿಳಾಸ ಹಾಕಿದ ಯಂತ್ರಗಳದ್ದು: ಪ್ರಿಂಟರ್, ಕ್ಯಾಮೆರಾದ ಡಿವಿಆರ್, ಬಯೋಮೆಟ್ರಿಕ್ ಹಾಜರಿ ಯಂತ್ರ. ಇವು ಎಲ್ಲೆಲ್ಲಿವೆ ಅಂತ ನಿಮ್ಮ ಎಕ್ಸೆಲ್ ಹಾಳೆಗಿಂತ ಅಟೆಂಡರ್‌ಗಳಿಗೆ ಚೆನ್ನಾಗಿ ಗೊತ್ತು, ಅವರ ಜೊತೆ ಒಂದು ಸುತ್ತು ಹೊಡೆಯಿರಿ. ನಮ್ಮ ಒಂದು ಹಾಜರಿ ಯಂತ್ರ ಬೀರುವಿನ ಹಿಂದೆ ಇತ್ತು, ಅದರ ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದರು. ಅಂಥ ಯಂತ್ರಗಳಿಗಾಗಿ ಅದೇ ವಿಲ್ಯಾನಿನಲ್ಲಿ ಹಳೆಯ ಗೇಟ್‌ವೇ ವಿಳಾಸವನ್ನು ಸೆಕೆಂಡರಿ ಆಗಿ ಒಂದು ತಿಂಗಳು ಇಟ್ಟುಕೊಳ್ಳಿ, ನಿಧಾನವಾಗಿ ಒಂದೊಂದೇ ದಾಟಿಸಿ, ಕೊನೆಗೆ ತೆಗೆಯಿರಿ.

ಎಲ್ಲ ಆದ ಮೇಲೆ ಒಂದು ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡಲು ಬಿಟ್ಟು ಮುಖ್ಯ ಫೈಬರನ್ನು ಕೈಯಾರೆ ಕೀಳಿ, ಎಷ್ಟು ಉತ್ತರ ತಪ್ಪಿತು ಎಣಿಸಿ. ಆಮೇಲೆ ಸಬ್‌ನೆಟ್ ಪಟ್ಟಿಯನ್ನು ಪ್ರಿಂಟ್ ಹಾಕಿ ರ‍್ಯಾಕ್ ಬಾಗಿಲಿನ ಒಳಮೈಗೆ ಅಂಟಿಸಿ. ನಾನು ಅದನ್ನು ಗೂಗಲ್ ಶೀಟಿನಲ್ಲಿ ಇಟ್ಟಿದ್ದೆ. ನೆಟ್ ಬಿದ್ದ ದಿನ ಅದೂ ತೆರೆಯಲಿಲ್ಲ.